ಜಾಗದಲ್ಲೇ ಇಟ್ಟ ಪುಸ್ತಕ

ಹರಡಿಕೊಂಡ ಮೇಜು ಕಂಡರೆ ನನಗೆ ಆಗುವುದಿಲ್ಲ. ಮನೆಯಲ್ಲೂ ಅಷ್ಟೇ, ನಾನು ಕೆಲಸ ಮಾಡುವ ಸೌದಿಯ ಅಭಾ ಊರಿನ ಈ ದೊಡ್ಡ ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲೂ ಅಷ್ಟೇ. ಡಾಕ್ಟರಿಕೆ ಓದುವ ಹುಡುಗಿಯರು ಎದ್ದು ಹೋದ ಮೇಲೆ ನಮ್ಮ ಮಹಿಳಾ ವಿಭಾಗದ ಮೇಜುಗಳನ್ನು ನೋಡಬೇಕು. ದಪ್ಪ ಪುಸ್ತಕವೊಂದು ಕವುಚಿ ಬಿದ್ದಿರುತ್ತದೆ, ಅದರ ಬೆನ್ನ ಮೇಲೆ ಕಾಫಿ ಲೋಟ, ಪಕ್ಕದಲ್ಲಿ ಖರ್ಜೂರದ ಬೀಜ. ಬೀಜ ಅವರ ತಪ್ಪು, ಪುಸ್ತಕ ಅವರ ತಪ್ಪಲ್ಲ. ಪ್ರತಿ ಮೇಜಿನ ಮೇಲೂ ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ ನಾವೇ ಫಲಕ ಇಟ್ಟಿದ್ದೇವೆ: ಓದಿದ ಪುಸ್ತಕವನ್ನು ಕಪಾಟಿಗೆ ಮರಳಿಸಬೇಡಿ, ಮೇಜಿನ ಮೇಲೆ ಬಿಡಿ.

ಅದಕ್ಕೆ ಕಾರಣವಿದೆ. ಮನೆಗೆ ಒಯ್ದ ಪುಸ್ತಕದ ಲೆಕ್ಕ ಕಂಪ್ಯೂಟರಿಗೆ ತಾನಾಗಿ ಸಿಗುತ್ತದೆ. ಇಲ್ಲೇ ಕೂತು ಓದಿದ್ದರ ಲೆಕ್ಕ ಸಿಗುವುದಿಲ್ಲ. ಸಂಜೆ ಸಹಾಯಕಿ ಬಂದು ಮೇಜಿನ ಮೇಲಿರುವ ಪುಸ್ತಕಗಳ ಬಾರ್‌ಕೋಡಿಗೆ ಯಂತ್ರ ಹಿಡಿದು, ಆಮೇಲೆ ಅವನ್ನು ಕಪಾಟಿಗೆ ಸೇರಿಸುತ್ತಾಳೆ. ಯಂತ್ರ ‘ಟಿಕ್’ ಎಂದರೆ ಆ ಪುಸ್ತಕವನ್ನು ಯಾರೋ ಓದಿದ್ದಾರೆ ಎಂದರ್ಥ. ಇದು ನನಗೆ ಚೆನ್ನಾಗಿಯೇ ಗೊತ್ತು. ಹೊಸ ಪುಸ್ತಕ ತರಿಸುವುದು, ಅದಕ್ಕೆ ವಿಷಯದ ಸಂಖ್ಯೆ ಕೊಟ್ಟು ಬೆನ್ನಿಗೆ ಚೀಟಿ ಅಂಟಿಸುವುದು, ಯಾರೂ ಓದದ್ದಕ್ಕೆ ರದ್ದು ಮುದ್ರೆ ಒತ್ತಿ ಹೊರಗೆ ಕಳಿಸುವುದು, ಎಲ್ಲ ನನ್ನದೇ ಕೆಲಸ.

ಪಕ್ಕದ ಊರು ಖಮೀಸ್ ಮುಶೈತ್‌ನ ಆಸ್ಪತ್ರೆಯೊಂದರಿಂದ ನಮ್ಮ ಕರಾವಳಿಯ ನಾಲ್ಕೈದು ನರ್ಸುಗಳು ರಜೆಯ ದಿನ ವ್ಯಾನು ಮಾಡಿಕೊಂಡು ಓದಲು ಬರುತ್ತಿದ್ದರು. ಹೊರಗಿನವರಿಗೆ ಪುಸ್ತಕ ಮನೆಗೆ ಕೊಡುವ ಪದ್ಧತಿ ಇಲ್ಲ, ಕೂತು ಓದಬಹುದು. ಅವರಲ್ಲೊಬ್ಬಳು ಕುಂದಾಪುರದ ಕಡೆಯವಳು, ತೀವ್ರ ನಿಗಾ ಘಟಕದಲ್ಲಿ ಕೆಲಸ. ಗುತ್ತಿಗೆ ಕಂಪನಿಯ ಮೂಲಕ ಬಂದವಳು. ಆ ವಿಭಾಗದ ವಿಶೇಷ ಪರೀಕ್ಷೆ ಪಾಸಾದರೆ ಆಸ್ಪತ್ರೆಯೇ ಅವಳನ್ನು ನೇರವಾಗಿ ಸೇರಿಸಿಕೊಂಡು ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಮಾಡಿಕೊಡುತ್ತಿತ್ತು. ಹಾಗಾದರೆ ಗಂಡನನ್ನೂ ಮಗಳನ್ನೂ ಕರೆಸಿಕೊಳ್ಳಬಹುದು, ಮಗಳನ್ನು ಇಲ್ಲಿಯ ಇಂಡಿಯನ್ ಶಾಲೆಯ ಒಂದನೇ ತರಗತಿಗೆ ಸೇರಿಸಬಹುದು. ಅವಳ ಓದೆಲ್ಲ ಅದಕ್ಕಾಗಿಯೇ.

ಮೊದಲ ದಿನವೇ ಅವಳು ಫಲಕ ತೋರಿಸಿ ಕೇಳಿದ್ದಳು.

“ಅಕ್ಕ, ಪುಸ್ತಕ ಹೀಗೇ ಬಿಟ್ಟು ಹೋಗ್ಬೇಕಾ? ಬೋರ್ಡ್ ಉಂಟಲ್ಲ?”

“ಅದು ಉಂಡ ಬಟ್ಟಲು ಎತ್ತಿ ಗೊತ್ತಿಲ್ಲದವರಿಗೆ ಮಾರಾಯ್ತಿ,” ಎಂದೆ. “ನೀವು ತೆಗ್ದ ಜಾಗದಲ್ಲೇ ಇಡಿ.”

ಅವರು ಚಾಚೂ ತಪ್ಪದೆ ಹಾಗೇ ಮಾಡಿದರು. ಪುಸ್ತಕ ಮುಚ್ಚಿ, ಕಣ್ಣಿಗೊತ್ತಿಕೊಂಡು, ಬೆನ್ನಿನ ಸಂಖ್ಯೆ ನೋಡಿ, ಸರಿಯಾದ ಸಂದಿಯಲ್ಲಿ ಸೇರಿಸಿ ಹೋಗುತ್ತಿದ್ದರು. ಅವರು ಎದ್ದ ಮೇಜು ಒರೆಸಿಟ್ಟ ಹಾಗೆ ಇರುತ್ತಿತ್ತು. ನನಗೋ ಹೆಮ್ಮೆಯೇ ಹೆಮ್ಮೆ. ನಮ್ಮೂರಿನವರು ಎಂದರೆ ಹೀಗೆ ಎಂದು ವಿಭಾಗದ ಮುಖ್ಯಸ್ಥೆಯ ಹತ್ತಿರ ಕೊಚ್ಚಿಕೊಂಡೂ ಬಂದೆ. ಆಕೆ ಸೌದಿಯ ಹೆಂಗಸು, ಮಿತಭಾಷಿ. ನಕ್ಕರು, ಅಷ್ಟೇ.

ಆ ವರ್ಷ ಕಪಾಟುಗಳನ್ನು ಕಡಿಮೆ ಮಾಡಲು ಮೇಲಿನಿಂದ ಆದೇಶ ಬಂತು. ಕೆಲವು ವರ್ಷಗಳಿಂದ ಯಾರೂ ಓದಿಲ್ಲ, ಪರದೆಯ ಮೇಲೆ ಓದುವ ಪ್ರತಿಯೂ ಇದೆ ಎಂದಾದರೆ ಕಾಗದದ ಪ್ರತಿ ತೆಗೆಯಬೇಕು. ಶುಶ್ರೂಷೆಯ ಕಪಾಟು ನನ್ನ ಪಾಲಿಗೆ ಬಂತು. ಕಂಪ್ಯೂಟರಿನಲ್ಲಿ ಒಂದೊಂದೇ ಹೆಸರು ಬರುತ್ತಿತ್ತು, ನಾನು ಸರಸರನೆ ಒಪ್ಪಿಗೆ ಒತ್ತುತ್ತಿದ್ದೆ. ಚಹಾ ತಣಿಯುವ ಮೊದಲು ಮುಗಿಸುವ ಹಟ ಬೇರೆ. ತೀವ್ರ ನಿಗಾ ಶುಶ್ರೂಷೆಯ ಆ ದಪ್ಪ ಪುಸ್ತಕವೂ ಬಂತು. ಓದಿದವರು ಸೊನ್ನೆ. ಹಿಂದಿನ ವಾರವಷ್ಟೇ ಅದನ್ನು ಆ ಕುಂದಾಪುರದವಳ ಕೈಯಲ್ಲಿ ಕಂಡಿದ್ದೆ. ಆದರೂ ಒತ್ತಿಬಿಟ್ಟೆ. ರದ್ದಾದ ವೈದ್ಯಕೀಯ ಪುಸ್ತಕವನ್ನು ಯಾರಿಗೂ ದಾನ ಕೊಡುವುದಿಲ್ಲ, ಹಳೆಯ ಔಷಧದ ಪ್ರಮಾಣ ನೋಡಿ ಯಾರಾದರೂ ಎಡವಟ್ಟು ಮಾಡಿಕೊಂಡಾರು ಎಂಬ ಭಯ. ಎಲ್ಲ ಲಾರಿ ಹತ್ತಿ ಕಾಗದದ ಗಿರಣಿಗೆ ಹೋದವು.

ಮುಂದಿನ ರಜೆಗೆ ಅವಳು ಬಂದು ಕಪಾಟಿನ ಮುಂದೆ ನಿಂತೇ ಇದ್ದಳು.

“ಅಕ್ಕ, ನಾವು ತಪ್ಪು ಜಾಗದಲ್ಲಿ ಇಟ್ಟಿಲ್ಲ. ನಂಬರ್ ನೋಡಿಯೇ ಇಟ್ಟದ್ದು. ಎಂತ ಆಯ್ತು?”

ಏನಾಯಿತೆಂದು ಆ ಕ್ಷಣ ನನಗೆ ತಿಳಿಯಿತು. ನನ್ನ ಮಾತು ಕೇಳಿ ಜಾಗದಲ್ಲೇ ಇಟ್ಟದ್ದಕ್ಕೇ ಆ ಸೊನ್ನೆ ಬಂದದ್ದು. “ಹಳೇದಾಗಿತ್ತಂತೆ, ತೆಗ್ದಿದ್ದಾರೆ,” ಎಂದೆ, ತೆಗೆದವರು ಬೇರೆ ಯಾರೋ ಎಂಬಂತೆ. “ಹೊಸದು ತರಿಸ್ತೇನೆ, ಬರ್ತದೆ.”

ಪರದೆಯ ಪ್ರತಿ ತೆರೆಯುವುದು ಕಾಲೇಜಿನವರಿಗೆ ಮಾತ್ರ, ಅವಳಿಗೆ ಅಲ್ಲ. ನನ್ನ ಹೆಸರಿನಲ್ಲಿ ತೆರೆದು ನನ್ನ ಕುರ್ಚಿಯಲ್ಲೇ ಅವಳನ್ನು ಕೂರಿಸಿದೆ. ಮುಖ್ಯಸ್ಥೆ ನೋಡಿದರು. ಪ್ರಕಾಶಕರಿಗೆ ಗೊತ್ತಾದರೆ ಇಡೀ ಕಾಲೇಜಿನ ಓದೇ ನಿಂತೀತು, ಇನ್ನು ಖಲಾಸ್, ಇಲ್ಲಿಗೆ ನಿಲ್ಲಿಸಿ ಎಂದರು. ಅವರು ಹೇಳಿದ್ದು ನಿಯಮ, ಅದರಲ್ಲಿ ತಪ್ಪೇನಿಲ್ಲ.

ಹೊಸ ಪುಸ್ತಕ ಬೇಕೆಂದರೆ ಅಧ್ಯಾಪಕರೊಬ್ಬರು ಕೇಳಬೇಕು, ಸಮಿತಿ ಒಪ್ಪಬೇಕು. ಒಬ್ಬರ ಕೈಕಾಲು ಹಿಡಿದು ಕೇಳಿಸಿದೆ. ಪುಸ್ತಕ ಒದಗಿಸುವ ಭಟ್ಕಳದ ವ್ಯಾಪಾರಿಗೆ ದಿನಾ ಫೋನು. “ಇದರ ಪ್ರಿಂಟ್ ಈಗ ಯಾರೂ ಕೇಳುದಿಲ್ಲ ಮೇಡಂ, ರಿಯಾದ್‌ನಲ್ಲೂ ಇಲ್ಲ. ಹೊರಗಿಂದ ಬರ್ಬೇಕು,” ಎಂದರು ಅವರು. ನನ್ನ ಕೈಯಿಂದಲೇ ದುಡ್ಡು ಕೊಟ್ಟು ತರಿಸುತ್ತೇನೆಂದರೂ ಅದೇ ಉತ್ತರ. ಏನೂ ತಪ್ಪು ಮಾಡದ ಅವರ ಮೇಲೆ ಹರಿಹಾಯ್ದೆ.

ಅವಳಿಗೆ ಮಾತ್ರ ಪ್ರತಿ ಸಲ “ಬರ್ತದೆ, ಬರ್ತದೆ” ಎಂದೆ. ಬಾಯಿ ತೆರೆದು ನಿಜ ಹೇಳುವ ಬದಲು ಊಟ ಕೊಡತೊಡಗಿದೆ. ಬಂಗುಡೆ ಸಾರು, ಕಡುಬು, ಒಂದು ದಿನ ಪತ್ರೊಡೆ. ಅವಳು ಡಬ್ಬವನ್ನು ಎಂದೂ ಖಾಲಿ ಮರಳಿಸಲಿಲ್ಲ, ಚಕ್ಕುಲಿಯನ್ನೋ ಖರ್ಜೂರವನ್ನೋ ತುಂಬಿಕೊಂಡೇ ತಂದಳು. “ನೀವಿದ್ದ ಕಾರಣ ನಂಗೆ ಇಲ್ಲಿ ಧೈರ್ಯ ಅಕ್ಕ,” ಎಂದೂ ಹೇಳಿದಳು. ಮುಂದಿನ ಸಲ ನಾನು ಇನ್ನೂ ದೊಡ್ಡ ಡಬ್ಬ ತಂದೆ.

ಪುಸ್ತಕಕ್ಕಿಂತ ಮೊದಲು ಪರೀಕ್ಷೆ ಬಂತು. ಯಾರ್ಯಾರದೋ ಟಿಪ್ಪಣಿಯ ಫೋಟೊಗಳನ್ನು ಮೊಬೈಲಿನಲ್ಲಿ ಓದಿ ಹೋದಳು.

“ಸ್ವಲ್ಪದ್ರಲ್ಲಿ ಹೋಯ್ತು ಅಕ್ಕ,” ಎಂದಳು ಆಮೇಲೆ, ನಗುತ್ತಲೇ. “ಮಗಳನ್ನು ಊರಲ್ಲೇ ಶಾಲೆಗೆ ಹಾಕಿದ್ರು. ಇನ್ನೊಂದು ಸಲ ಬರೀತೇನೆ.”

ಪುಸ್ತಕ ಆಮೇಲೆ ಬಂತು. ಸಂಖ್ಯೆ ಕೊಟ್ಟು, ಬೆನ್ನಿಗೆ ಚೀಟಿ ಅಂಟಿಸಿ, ನಾನೇ ಕಪಾಟಿನಲ್ಲಿಟ್ಟೆ. ಅವಳು ಮತ್ತೆ ಬರತೊಡಗಿದಳು. ಓದಿ, ಕಣ್ಣಿಗೊತ್ತಿ, ಜಾಗದಲ್ಲೇ ಇಟ್ಟು ಹೋಗುತ್ತಿದ್ದಳು. ಮೇಜಿನ ಮೇಲೆ ಬಿಡು ಎಂದರೆ ಏಕೆ ಎಂದು ಕೇಳುತ್ತಾಳಲ್ಲ! ಆದ್ದರಿಂದ ಅವಳು ಬಾಗಿಲು ದಾಟಿದ ಮೇಲೆ ನಾನು ಹೋಗಿ ಅದನ್ನು ಎಳೆದು ಮೇಜಿನ ಮೇಲೆ ಇಡುತ್ತಿದ್ದೆ, ಸಂಜೆಯ ಯಂತ್ರಕ್ಕೆ ಸಿಗಲಿ ಎಂದು. ಇಷ್ಟು ವಯಸ್ಸಾಗಿ ಕಳ್ಳ ಬೆಕ್ಕಿನ ಹಾಗೆ ಓಡಾಡುತ್ತಿದ್ದೆ.

ಒಂದು ದಿನ ಅವಳು ಮರೆತ ನೀರಿನ ಬಾಟಲಿಗೆಂದು ತಿರುಗಿ ಬಂದಳು. ಪುಸ್ತಕ ನನ್ನ ಕೈಯಲ್ಲಿತ್ತು.

“ಎಂತ ಅಕ್ಕ, ನಾನು ಇಟ್ಟದ್ದು ಸರಿ ಇರ್ಲಿಲ್ವಾ?”

ಇನ್ನು ನನ್ನಿಂದಾಗಲಿಲ್ಲ. ಫಲಕ ಯಾಕಿದೆ, ನಾನು ಅವರಿಗೆ ಏನು ಹೇಳಿದ್ದೆ, ಸೊನ್ನೆ ಹೇಗೆ ಬಂತು, ಒಪ್ಪಿಗೆ ಒತ್ತಿದ್ದು ಯಾರು, ಎಲ್ಲವನ್ನೂ ನಿಂತ ನಿಲುವಿನಲ್ಲೇ ಹೇಳಿದೆ. ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೇಳಿಸಿಕೊಂಡಳು. ಬೈಯಲಿ ಎಂದು ಕಾದೆ.

“ಪುಸ್ತಕ ಹೋದದ್ದು ಬಿಡಿ ಅಕ್ಕ,” ಎಂದಳು ಕೊನೆಗೆ. “ಬರ್ತದೆ, ಬರ್ತದೆ ಅಂದ್ರಿ. ಬರುದಿಲ್ಲ ಅಂದಿದ್ರೆ ನಾನು ಬೇರೆ ಕಡೆ ಹುಡುಕ್ತಿದ್ದೆ. ನೀವು ಹೇಳಿದ್ರಲ್ಲ ಅಂತ ಕಾದೆ.”

ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು. ಅವಳು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮೇಜಿನ ಮೇಲೆ ಇಟ್ಟಳು, ಬಾಗಿಲಿನತ್ತ ನಡೆದಳು. ಬಾಗಿಲಲ್ಲಿ ನಿಂತು ಹಿಂದಿರುಗಿ ಬಂದಳು. ನನಗೆ ಇನ್ನೇನೋ ಹೇಳುತ್ತಾಳೆ ಎಂದುಕೊಂಡೆ. ತಾನು ಕೂತಿದ್ದ ಕುರ್ಚಿಯನ್ನು ಸದ್ದಾಗದಂತೆ ಮೇಜಿನ ಕೆಳಗೆ ಸರಿಸಿ, ನನ್ನತ್ತ ನೋಡದೆ ಹೊರಟುಹೋದಳು.