ವಿಭೂತಿ ಬಳಿದ ಪರಾತ

ಜೋಳದ ಹಿಟ್ಟು ನಾದುವ ಸ್ಟೀಲಿನ ಪರಾತವನ್ನು ತಿಕ್ಕುತ್ತಿದ್ದಾಗ ಟೀಚರರ ತಂಗಿ ಶಹಾಬಜಾರದಿಂದ ಫೋನು ಮಾಡಿದರು. "ಅಕ್ಕ ಹೋದಳ್ರಿ. ಚಾ ಕುಡಿದು ಕುಂತಾಕಿ, ಹಂಗೇ ಒರಗಿಬಿಟ್ಟಳು." ನನ್ನ ಕಣ್ಣಮುಂದೆ ಬಂದದ್ದು ಟೀಚರರ ಬಲಗಣ್ಣಿನ ಸುತ್ತಲಿನ ಕಪ್ಪು ಗುರುತು. ವರ್ಷಗಟ್ಟಲೆ ಕ್ಯಾಮೆರಾ ಒತ್ತಿ ಹಿಡಿದು ಬಿದ್ದದ್ದು.

ಟೀಚರು ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನೀರಿನ ಹುಳಗಳು ಬೇಟೆಯಾಡುವುದನ್ನು ತೀರಾ ಹತ್ತಿರದಿಂದ, ಸಾಸಿವೆಯಷ್ಟಿದ್ದದ್ದು ಅಂಗೈಯಷ್ಟು ಕಾಣುವಂತೆ ಫೋಟೊ ತೆಗೆಯುವುದೇ ಅವರ ಹುಚ್ಚು. ನನ್ನ ತವರು ಕಮಲಾಪುರ. ಅಣ್ಣನ ಬಾಳೆತೋಟದಲ್ಲಿ ಹಳೆಯ ಕಲ್ಲಿನ ತೊಟ್ಟಿಯಿದೆ ಎಂದು ಬಾಯಿಬಿಟ್ಟದ್ದು ನಾನೇ. ಆಮೇಲೆ ರವಿವಾರ ಬಂದರೆ ಇಬ್ಬರೂ ಬಸ್ಸಿನಲ್ಲಿ.

ಬಿಸಿಲನ್ನು ನೀರಿನೊಳಗೆ ತಿರುಗಿಸಲು ನಾನು ಪರಾತ ಹಿಡಿಯುತ್ತಿದ್ದೆ. ಬೆಳಕು ಚುಚ್ಚುತ್ತದೆ ಎಂದು ಅವರು ಗೊಣಗಿದ ದಿನ ಚೀಲದಲ್ಲಿದ್ದ ವಿಭೂತಿಯನ್ನು ಕಲಸಿ ಪರಾತಕ್ಕೆ ಬಳಿದೆ. ಬೆಳಕು ಹಾಲಿನಂತೆ ಮೆತ್ತಗಾಯಿತು. ಎಂದೂ ಗುಡಿಗೆ ಬಾರದವರು ನಕ್ಕರು: "ತಂಗಿ, ನಿನ್ನ ದೇವರು ಕೆಲಸದಾಂವ ಅದಾನ."

ಅಣ್ಣ ಕೆಣಕುತ್ತಿದ್ದ. "ಟೀಚರ್, ನಮ್ಮ ಕೆಂಪು ಬಾಳೆಗೊನೀದು ತೆಗೀರಿ. ಹುಳದ ಮಾರಿ ಯಾರ ನೋಡ್ತಾರ?"

"ನಿನ್ನ ಬಾಳಿ ಎಲ್ಲೂ ಓಡಿಹೋಗಂಗಿಲ್ಲಪ್ಪ. ಇದು ಕಣ್ಣು ಮಿಟುಕಿಸೋದ್ರಾಗ ಮುಗೀತದ."

ಅವರ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೂ ಇನ್ನು ಕೆಲವೇ ವಾರ ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಒಂದೇ ಒಂದು ಫೋಟೊ ಬೇಕಿತ್ತು. ಏರೋಪ್ಲೇನ್ ಚಿಟ್ಟೆ ಮರಿಯಾಗಿ ನೀರಿನಲ್ಲಿರುವಾಗ ಕೆಳತುಟಿಯನ್ನು ಮುಖದಡಿ ಮಡಚಿಟ್ಟುಕೊಂಡಿರುತ್ತದಂತೆ. ಬೇಟೆ ಹತ್ತಿರ ಬಂದರೆ ಅದನ್ನೇ ಕೈಯಂತೆ ಚಾಚಿ ಹಿಡಿಯುತ್ತದೆ. ಆ ತುಟಿ ಚಾಚಿದ ಗಳಿಗೆ ಬೇಕಿತ್ತು. ಕಪ್ಪೆಮರಿಯನ್ನು ಹಿಡಿದು ಅದರ ಮುಂದೆ ಬಿಡಬಾರದೇ ಎಂದು ಕೇಳಿದ್ದೆ. "ನಾನೇ ತಂದಿಟ್ಟರ ಅದು ಬ್ಯಾಟಿ ಅಲ್ಲ, ಬಡಿಸಿದಂಗ," ಎಂದಿದ್ದರು.

ಶ್ರಾವಣದ ಆ ಮಧ್ಯಾಹ್ನ ಮೋಡ ಸರಿದು ಬಿಸಿಲು ಬಿತ್ತು. ತೊಟ್ಟಿಯ ಮೆಟ್ಟಿಲಿನ ಪಾಚಿಯಲ್ಲಿ ಚಿಟ್ಟೆಯ ಮರಿ ಕೂತಿತ್ತು. ಟೀಚರು ಹೊಟ್ಟೆಯ ಮೇಲೆ ಮಲಗಿ ಕ್ಯಾಮೆರಾ ಒತ್ತಿಕೊಂಡರು. ಬಾಲ ಅಲುಗಿಸುತ್ತ ಒಂದು ಕಪ್ಪೆಮರಿ ಹತ್ತಿರ ಬಂತು. ಇನ್ನೂ ಹತ್ತಿರ. ನನ್ನ ಬಾಯಲ್ಲಿ ಶಿವನಾಮ. ಆ ಬಡಜೀವ ಸಾಯುವುದನ್ನು ನೋಡಲಾರದೆ ಪರಾತವನ್ನು ಓರೆ ಮಾಡಿದೆ. ನೆರಳು ಬಿದ್ದು ಕಪ್ಪೆಮರಿ ಸರ್ರನೆ ಸರಿಯಿತು. ಕ್ಯಾಮೆರಾ ಕ್ಲಿಕ್ಕೆಂದಿತು.

ಅವರು ಕ್ಯಾಮೆರಾವನ್ನು ನನ್ನ ಕೈಗಿಟ್ಟರು. "ಕಿಂಡ್ಯಾಗ ಒಂದೀಟು ನೆರಳು ಕಾಣ್ತದ, ಪರದೆ ಮ್ಯಾಗ ನನಗ ಬರೀ ಮಂಜು. ನೀನೇ ನೋಡು. ಬಂದದೇನು?"

ಬಂದಿದೆ ಎನ್ನಬಹುದಿತ್ತು. ಅವರಿಗೆ ತಿಳಿಯುತ್ತಿರಲಿಲ್ಲ.

"ಇಲ್ರಿ ಟೀಚರ್. ಬರೀ ನೀರದ. ನಾನೇ ಬೇಕಂತ ಪರಾತ ಅಲುಗಿಸಿದೆ."

ಟೀಚರು ಕ್ಯಾಮೆರಾ ಇಸಿದುಕೊಂಡು ಗಾಜು ಒರೆಸಿದರು. ಆಮೇಲೆ ಮೆಲ್ಲಗೆ, "ನಿನ್ನ ದೇವರು ಆ ಹುಳದ ಹೊಟ್ಟೀನೂ ನೋಡ್ತಾನಲ್ಲ, ತಂಗಿ?" ಎಂದರು. ಮತ್ತೆ ಮಲಗಿದರು.

ನಾನು ಪರಾತ ಎತ್ತಿ ಹಿಡಿದೆ. ರಟ್ಟೆ ಉರಿಯಿತು. ಮೋಡದ ಅಂಚು ತೋಟದ ಆಚೆ ತನಕ ಬಂದಿತ್ತು. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಲಿಲ್ಲ. ಇನ್ನೊಂದು ಕಪ್ಪೆಮರಿ ಬಂತು. ನಾನು ಉಸಿರು ಬಿಗಿಹಿಡಿದೆ. ಕ್ಲಿಕ್.

"ನೋಡು."

ತುಟಿ ಚಾಚಿತ್ತು. ತುದಿಯ ಕೊಂಡಿಗಳ ನಡುವೆ ಕಪ್ಪೆಮರಿ, ಬಾಲ ಡೊಂಕಾಗಿತ್ತು.

"ಹುಳದ ಕಣ್ಣು?"

"ಕನ್ನಡಿಯಂಗ ಅದರಿ. ಅದರಾಗ ನಮ್ಮ ಪರಾತನೂ ಬೆಳ್ಳಗ ಕಾಣ್ತದ."

ಅವರು ನನ್ನ ಮುಖವನ್ನೇ ನೋಡಿದರು. ಮೊದಲ ಸಲ ಇಲ್ಲ ಎಂದಿದ್ದೆನಲ್ಲ, ಅದಕ್ಕೇ ಈ ಸಲ ನಂಬಿದರು. ಬಿಸಿಲು ಮರೆಯಾಗದೆ ಉಳಿದದ್ದು, ನನ್ನ ಕೈ ಅಲುಗದೆ ನಿಂತದ್ದು, ನಾಲಿಗೆ ಸುಳ್ಳಾಡದಿದ್ದದ್ದು. ಆ ದಿನದ ಉಪಕಾರಗಳನ್ನು ಈಗಲೂ ಪೂಜೆಯ ಹೊತ್ತಿಗೆ ಎಣಿಸುತ್ತೇನೆ.

ಕಣ್ಣು ಹೋದ ಮೇಲೆ ಟೀಚರು ಶಹಾಬಜಾರದ ತಂಗಿಯ ಮನೆ ಸೇರಿದರು. ನಾನು ಹೋದಾಗಲೆಲ್ಲ, "ಆ ಫೋಟೊ ಹೇಳು," ಎನ್ನುತ್ತಿದ್ದರು. ನಾನು ಕಪ್ಪೆಮರಿಯ ಡೊಂಕು ಬಾಲದಿಂದ ಶುರುಮಾಡುತ್ತಿದ್ದೆ.

ಸಾವಿನ ಮನೆಯಲ್ಲಿ ಇವತ್ತು ಒಲೆ ಹಚ್ಚುವುದಿಲ್ಲ. ಪರಾತ ತೊಳೆದು ಒರೆಸಿದೆ. ಎಸರಿಗೆ ನೀರಿಟ್ಟು, ಅಲ್ಲಿಗೆ ಒಯ್ಯಲು ಇಪ್ಪತ್ತು ರೊಟ್ಟಿಗಾಗುವಷ್ಟು ಹಿಟ್ಟು ಹಾಕಿಕೊಂಡು ನಾದಲು ಕುಳಿತೆ.