ಮಗೂಗೆ ಬಿಸಿಲು ಸಾಲದಂತೆ!

ಸಕಲೇಶಪುರದ ಡಾಕ್ಟ್ರಮ್ಮ ನನ್ನ ಮೊಮ್ಮಗಳ ಡೊಂಕು ಕಾಲನ್ನು ಹಿಡಿದು ನೋಡಿ, "ಅಜ್ಜಿ, ಈ ಮಗೂಗೆ ಬಿಸಿಲು ಸಾಲದು" ಅಂದುಬಿಟ್ಟರು. ನನಗೆ ತಪ್ಪಾಗಿ ಕೇಳಿಸ್ತೇನೋ ಅಂದ್ಕೊಂಡೆ. ಅನ್ನ ಸಾಲದು, ಹಾಲು ಸಾಲದು ಅನ್ನೋದು ಕೇಳಿದ್ದೆ. ಬಿಸಿಲು ಸಾಲದು ಅನ್ನೋದು ಕೇಳಿರಲಿಲ್ಲ. ಎರಡು ವರ್ಷ ತುಂಬಿದರೂ ಹುಡುಗಿ ಎದ್ದು ನಿಲ್ಲುತ್ತಿರಲಿಲ್ಲ. ಶೀತ ಆದೀತು ಅಂತ ಸೊಸೆ ಅವಳಿಗೆ ಟೋಪಿ, ಸ್ವೆಟರ್ ಹಾಕಿ ಒಳಗೇ ಇಟ್ಕೊಂಡಿದ್ದಳು.

"ಬಿಸಿಲಿಗೆ ಹರವಿದ ಕಾಫಿ ಒಣಗಿ ಗಲಗಲ ಅಂತೈತೆ. ಇವಳು ಮೊದಲೇ ಕಡ್ಡಿ ಹಂಗವಳೆ. ಇನ್ನೂ ಒಣಗಲ್ವಾ ಡಾಕ್ಟ್ರಮ್ಮ?" ಅಂದೆ.

ಅವರು ನಕ್ಕರು. "ಕಾಫಿ ಒಣಗುತ್ತೆ, ಮಗು ಮೂಳೆ ಗಟ್ಟಿಯಾಗುತ್ತೆ ಅಜ್ಜಿ. ಬಿಸಿಲು ಬಿದ್ರೆ ಮೈಯಲ್ಲಿ ವಿಟಮಿನ್ ಡಿ ಆಗುತ್ತೆ." ಆಮೇಲೆ ಸಣ್ಣದೊಂದು ಸೀಸೆ ಕೊಟ್ಟು, ಇದರಲ್ಲೂ ಅದೇ ಇದೆ, ಹೇಳಿದಷ್ಟೇ ಹನಿ ಹಾಕಿ ಅಂದರು. ಬಿಸಿಲಿನದು ಸೀಸೆಯೊಳಗೆ ಹೆಂಗೆ ಹೊಕ್ತು ಅಂತ ಬಸ್ಸು ನಮ್ಮೂರು ಯಸಳೂರು ಮುಟ್ಟೋವರೆಗೂ ಯೋಚಿಸಿದೆ. ತಲೆಗೆ ಹತ್ತಲಿಲ್ಲ.

ಮಾರನೆ ಬೆಳಗ್ಗೆ ಕಾಫಿ ಕಣದ ಪಕ್ಕ ಚಾಪೆ ಹಾಸಿ, ಮಗೂನ ಅಂಗಿ ಬಿಚ್ಚಿ ಕೂರಿಸಿದೆ. ಸೊಸೆ ಓಡಿಬಂದಳು.

"ತಲೆ ಕೆಟ್ಟೈತಾ ಅತ್ತೆ? ಮಗು ಕರ್ರಗಾಗ್ಬುಡ್ತಾಳೆ!"

"ಆಗ್ಲಿ ಬಿಡೇ, ಎದ್ದು ನಿಂತ್ರೆ ಸಾಕು" ಅಂದೆ. ಒಳಗೊಳಗೆ ನನಗೂ ಅನುಮಾನವೇ.

ಈಗ ಹುಡುಗಿ ಗೋಡೆ ಹಿಡಿದು ಹೆಜ್ಜೆ ಇಡ್ತಾಳೆ. ಬಿಸಿಲಿಂದಲೋ, ಹನಿಯಿಂದಲೋ ನನಗಿನ್ನೂ ಗೊತ್ತಿಲ್ಲ. ಮೋಡ ಮುಚ್ಚಿದ ದಿನ ಮಾತ್ರ, ಅವಳು ಹೊಟ್ಟೆ ತುಂಬ ಉಂಡಿದ್ದರೂ ಉಪವಾಸ ಇದ್ದಾಳೆ ಅನ್ನಿಸ್ತದೆ.