ಮನೆಪತ್ರದಲ್ಲಿ ಎರಡನೇ ಹೆಸರು

ಡೈವೋರ್ಸ್ ಆಗಿ ಎರಡು ತಿಂಗಳಾದ ಮೇಲೆ ಬ್ಯಾಂಕಿಗೆ ಹೋದೆ. ಚಾಮರಾಜಪೇಟೆಯ ನಮ್ಮ ಎರಡನೇ ಮಹಡಿಯ ಮನೆಯೂ ಅದರ ಸಾಲವೂ ಜಂಟಿ ಹೆಸರಿನಲ್ಲಿದ್ದವು. ಮೊದಲ ಹೆಸರು ಅವನದು, ಎರಡನೆಯದು ನನ್ನದು. ಕಂತು ಮಾತ್ರ ಹನ್ನೊಂದು ವರ್ಷದಿಂದ ನನ್ನ ಟೀಚರ್ ಸಂಬಳದಿಂದಲೇ ಹೋಗುತ್ತಿತ್ತು. ಸಾಲ ಮಾಡುವಾಗ "ಗಂಡಸಿನ ಹೆಸರು ಮುಂದಿದ್ರೆ ಲಕ್ಷಣ" ಅಂದಿದ್ದ. ನಾನೂ ಕೋಲೆಬಸವನ ಹಾಗೆ ತಲೆಯಾಡಿಸಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಸಾಲದ ವಿಭಾಗದ ಹೆಂಗಸು ಫೈಲು ತಿರುವಿ, "ಮನೆಯವರನ್ನ ಕರ್ಕೊಂಡು ಬನ್ನಿ ಮೇಡಂ" ಅಂದಳು.

"ಮನೆಯಲ್ಲಿರೋದು ನಾನೊಬ್ಬಳೇ ಕಣಮ್ಮ" ಅಂದೆ, ಕೋರ್ಟಿನ ಆದೇಶವನ್ನು ಅವಳ ಮುಂದಿಟ್ಟೆ. ಮನೆಯಲ್ಲಿ ತನ್ನ ಅರ್ಧ ಪಾಲನ್ನು ಅವನು ನನಗೆ ಬಿಟ್ಟುಕೊಡಬೇಕು, ಉಳಿದ ಸಾಲವನ್ನು ನಾನು ತೀರಿಸಬೇಕು ಎಂದು ಇಬ್ಬರೂ ಒಪ್ಪಿ ಸಹಿ ಹಾಕಿದ್ದೆವು. ಅವಳು ಓದಿ, ತುಸು ಮೆತ್ತಗಾಗಿ ದಾರಿ ಹೇಳಿದಳು. ಅವನು ಹಕ್ಕುಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಕೊಟ್ಟರೆ ಸಾಲವನ್ನು ನನ್ನೊಬ್ಬಳ ಹೆಸರಿಗೆ ಮಾಡುತ್ತಾರೆ, ನನ್ನ ಸಂಬಳ ಸಾಕು. ಪತ್ರ ಇಲ್ಲದಿದ್ದರೆ ನಾನು ಪೂರ್ತಿ ಸಾಲ ತೀರಿಸಿದರೂ ಅರ್ಧ ಮನೆ ಅವನದೇ.

ಅವನಿಗೂ ಅವಸರವಿತ್ತು. ಬೇರೆ ಮನೆ ಕೊಳ್ಳಲು ಹೊರಟಿದ್ದ, ಈ ಸಾಲ ತಲೆಯ ಮೇಲಿದ್ದರೆ ಯಾರೂ ಹೊಸ ಸಾಲ ಕೊಡುವುದಿಲ್ಲ. "ಈ ತಿಂಗಳೊಳಗೆ ಮುಗ್ಸು. ಇಲ್ಲಾಂದ್ರೆ ಮನೆ ಮಾರಿ ಹಂಚ್ಕೊಳ್ಳೋಣ" ಎಂದು ಫೋನಿನಲ್ಲಿ ಹೇಳಿದ. ಮಾರಬೇಕಂತೆ! ಆ ಮನೆಯ ಅಡುಗೆಮನೆಯ ಒಂದೊಂದು ಟೈಲ್ಸೂ ನಾನು ಟ್ಯೂಷನ್ ಹೇಳಿದ ದುಡ್ಡಿನದು.

ಬಸವನಗುಡಿಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಹಿಂದುಗಡೆ ಕೂರುವ ವಯಸ್ಸಾದ ಪತ್ರ ಬರಹಗಾರರ ಹತ್ತಿರ ಇಬ್ಬರೂ ಹೋದೆವು. ಅವರು ಕಾಗದಗಳನ್ನೆಲ್ಲ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಯ್ಯೋ, ಎಂಥ ಕೆಲ್ಸ ಮಾಡ್ಕೊಂಡ್ರಮ್ಮಾ! ಡೈವೋರ್ಸಿಗೆ ಮುಂಚೆ ಬಂದಿದ್ರೆ ಒಂದೇ ಕುಟುಂಬದವರು ಅಂತ ಸ್ಟ್ಯಾಂಪ್ ಶುಲ್ಕ ಚಿಲ್ಲರೆಯಲ್ಲಿ ಮುಗ್ದೋಗೋದು. ಈಗ ನೀವಿಬ್ರೂ ಹೊರಗಿನವರು. ಅರ್ಧ ಮನೆ ಬೆಲೆ ಮೇಲೆ ಪೂರ್ತಿ ಶುಲ್ಕ ಕಟ್ಟಬೇಕು. ಲಕ್ಷಗಟ್ಟಲೆ ಆಗುತ್ತೆ."

ತಪ್ಪು ನನ್ನದೇ. "ಮೊದಲು ಪತ್ರ ಮಾಡಿಸ್ಕೊಳ್ಳಿ" ಎಂದು ವಕೀಲರು ಬಡಕೊಂಡಿದ್ದರು. ಇನ್ನೊಂದು ದಿನವೂ ಇವನ ಹೆಂಡತಿ ಅನ್ನಿಸಿಕೊಳ್ಳುವುದಿಲ್ಲ, ಕಾಗದಪತ್ರ ಎಲ್ಲ ಆಮೇಲೆ ಎಂದು ಹಟ ಹಿಡಿದವಳು ನಾನು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆತುರಗಾತಿಗೂ ಅಷ್ಟೇ.

ಬರಹಗಾರರು ದನಿ ತಗ್ಗಿಸಿದರು. "ಒಂದು ದಾರಿ ಇದೆ. ನಿಮ್ಮ ಆಧಾರಲ್ಲಿ ಇನ್ನೂ ಇವರ ಹೆಂಡತಿ ಅಂತಾನೇ ಇದೆ. ಪತ್ರದಲ್ಲೂ ಹಾಗೇ ಬರ್ದುಬಿಡ್ತೀನಿ. ಯಾರು ಕೇಳ್ತಾರೆ?"

"ಬರೀರಿ ಸಾರ್" ಅಂದ ಅವನು. "ಅರ್ಧ ಗಂಟೆ ಹೆಂಡತಿ ಆಗಿದ್ರೆ ಇವಳ ಗಂಟೇನು ಹೋಗುತ್ತೆ?" ಎಂದು ನಕ್ಕ.

ಆ ನಗುವಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷ ನಾನು ಸಂಸಾರ ಮಾಡಿದ್ದೇ ಇಂಥ ಅರ್ಧರ್ಧ ಗಂಟೆಗಳಲ್ಲಿ. ಜನ ಇದ್ದಾರೆ, ಅರ್ಧ ಗಂಟೆ ಸುಮ್ಮನಿರು. ಅಮ್ಮ ಬಂದಿದ್ದಾರೆ, ಅರ್ಧ ಗಂಟೆ ನಗುತ್ತಿರು. ಇದೊಂದು ಕಡೆ ಸೈನ್ ಹಾಕು, ಆಮೇಲೆ ಮಾತಾಡೋಣ.

"ಸಾರ್, ನಾನು ಇವರ ಹೆಂಡತಿ ಅಲ್ಲ ಅಂತ ಕೋರ್ಟು ಬರ್ಕೊಟ್ಟಿದೆ. ಇಲ್ಲಿ ಬಂದು ಹೌದು ಅಂತ ಸುಳ್ಳು ಬರಿಸಲ್ಲ. ನಾಳೆ ಈ ಸುಳ್ಳು ಹಿಡ್ಕೊಂಡು ಇವರ ಕಡೆಯವರೇ ಮನೆ ಬಾಗಿಲಿಗೆ ಬಂದ್ರೆ ನೀವು ಬರ್ತೀರಾ? ಪೂರ್ತಿ ಶುಲ್ಕಾನೇ ಬರೀರಿ."

ಹೇಳುವುದು ಹೇಳಿಬಿಟ್ಟೆ. ಹೊರಗೆ ಬಂದು ಆಟೋಗೆ ಕೈ ಅಡ್ಡ ಹಿಡಿಯುವಾಗಲೇ ಲೆಕ್ಕ ಹಾಕಿದೆ. ಪಿಎಫ್ ಮುಂಗಡ ತೆಗೆದರೂ ಅರ್ಧಕ್ಕೂ ಸಾಲುತ್ತಿರಲಿಲ್ಲ.

ನೇರ ಶ್ರೀರಾಂಪುರಕ್ಕೆ, ಅಮ್ಮನ ಮನೆಗೆ ಹೋದೆ. ಊದುಬತ್ತಿ ಹೊಸೆದು ನನ್ನನ್ನು ಬಿ.ಎಡ್. ಓದಿಸಿದವಳು ಅವಳು. ನಡೆದದ್ದನ್ನೆಲ್ಲ ಕೇಳಿ ಮುದ್ದೆ ಕೋಲು ಹಿಡಿದುಕೊಂಡೇ ಬೈದಳು. "ಬರ್ಸಿಬಿಡೋದಲ್ವೇನೇ, ಕತ್ತೆ! ಲಕ್ಷಕ್ಕೆ ಎಷ್ಟು ಸೊನ್ನೆ ಗೊತ್ತೇನೇ? ಲೆಕ್ಕದ ಟೀಚರಂತೆ, ಲೆಕ್ಕದ ಟೀಚರು!"

ಅವಳು ಮುದ್ದೆ ತಿರುವಿ ಪಾತ್ರೆ ಇಳಿಸಿದ ಮೇಲೆ ಕೇಳಿದಳು.

"ಹಂಗಂದು ನಕ್ನಾ ಅವ್ನು?"

"ನಕ್ಕ."

ಅಮ್ಮ ಕೈ ತೊಳೆದು ಎದ್ದು ಬೀರು ತೆಗೆದಳು. ನಮ್ಮಲ್ಲಿ ತಾಳಿಗೆ ಎರಡು ಬೊಟ್ಟು. ಒಂದು ಗಂಡನ ಮನೆಯದು, ಒಂದು ತವರಿನದು. ಅವನ ಮನೆಯ ಬೊಟ್ಟನ್ನು ಕೇಸು ಮುಗಿದ ದಿನವೇ ಬಿಚ್ಚಿ ಕೊಟ್ಟಿದ್ದೆ. ತವರಿನ ಬೊಟ್ಟು, ಅದನ್ನು ಪೋಣಿಸಿದ ದಪ್ಪ ಸರ, ನಾಲ್ಕು ಬಳೆ ಅಮ್ಮನ ಹತ್ತಿರ ಇದ್ದವು. ಎಲ್ಲವನ್ನೂ ಅವಳೇ ಚೀಟಿ ಕಟ್ಟಿ ಮಾಡಿಸಿದ್ದು. ಒಮ್ಮೆ ಮಾರೋಣವೇ ಎಂದು ನಾನು ಬಾಯಿ ತೆಗೆದದ್ದಕ್ಕೆ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದಳು.

"ನಡಿ, ಮಾರೋಣ" ಅಂದಳು.

"ತಾಳಿ ಮಾರಿದ್ರೆ ಅಪಶಕುನ ಅಂತಿದ್ದೆ?"

"ಅವ್ನು ಹಲ್ ಕಿರಿಯೋದಕ್ಕಿಂತ ಅಪಶಕುನ ಬೇಕೇನೇ? ಮುದ್ದೆ ಆರೋಗುತ್ತೆ, ತಿಂದು ಏಳು."

ಚಿನ್ನದಂಗಡಿಯವನು ಕರಿಮಣಿಗಳನ್ನು ಬಿಡಿಸಿ ತೂಕ ಹಾಕಿದ. "ಹೊಸದು ಯಾವ್ದು ತೋರಿಸ್ಲಮ್ಮ?" ಎಂದು ಕೇಳಿದ. "ಏನೂ ಬೇಡಪ್ಪ, ದುಡ್ಡು ಕೊಡು" ಅಂದಳು ಅಮ್ಮ. ಕರಿಮಣಿಗಳನ್ನು ಪೇಪರಿನಲ್ಲಿ ಮಡಿಸಿ ಕೊಟ್ಟ. ಅಂಗಡಿಯಲ್ಲಿ ನಾನು ಅತ್ತೆ, ಸುಳ್ಳೇಕೆ ಹೇಳಲಿ. ಅಮ್ಮ ಅಳಲಿಲ್ಲ, ರಸೀದಿಯನ್ನು ಎರಡು ಸಲ ಓದಿಸಿದಳು.

ರಿಜಿಸ್ಟ್ರೇಷನ್ ದಿನ ಬ್ಯಾಂಕಿನ ಒಪ್ಪಿಗೆ ಪತ್ರ, ಶುಲ್ಕ ಕಟ್ಟಿದ ಚಲನ್ ಎಲ್ಲ ಹಿಡಿದು ಬೆಳಿಗ್ಗೆಯೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆ. ಅವನು ಹನ್ನೆರಡಕ್ಕೆ ಬಂದ. ಚಲನ್ ಮೇಲಿನ ಮೊತ್ತ ನೋಡಿ, "ಹುಚ್ಚು ನಿನಗೆ. ಸುಮ್ನೆ ಇಷ್ಟು ದುಡ್ಡು ನೀರಿಗೆ ಹಾಕ್ದೆ" ಅಂದ. ಅವನ ಮಾತಿಗೆ ಉತ್ತರ ಕೊಡುವ ಕೆಲಸ ನನಗೆ ಮುಗಿದಿತ್ತು.

ನಮ್ಮ ಸರದಿ ಬಂತು. ಅವನ ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿಸಿದರು. ನನ್ನದೂ ಆಯಿತು. ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಗಸು ಪತ್ರದ ಮೇಲೆ ಕಣ್ಣಾಡಿಸಿ, ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು.

"ಮೇಡಂ, ಇವರು ನಿಮಗೇನಾಗ್ಬೇಕು?"

ಅವನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡತೊಡಗಿದ. ಹಿಂದಿನ ಬೆಂಚಿನಲ್ಲಿ ಕೂತವರಿಗೂ ಕೇಳಲಿ ಎಂದು ನಾನು ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದೆ.

"ಏನೂ ಆಗ್ಬೇಕಿಲ್ಲ. ಅದಕ್ಕೇ ಪೂರ್ತಿ ಶುಲ್ಕ ಕಟ್ಟಿದ್ದೀನಿ, ನೋಡ್ಕೊಳ್ಳಿ."